ಕಾವಲಿನವ ಗಟ್ಟಿ ಅದಾನ

ಜೂನ್ 22, ಲಿಂಗಸುಗೂರು

ಮಸ್ಕಿಯಿಂದ ಅನುಪಮಾ ಫೋನು ಮಾಡಿದ್ದಳು. ಅವಳ ಅವ್ವ, ಅಂದರೆ ನನ್ನ ಅಕ್ಕ ಗದ್ದೆಮ್ಮ, ಈ ಸಲ ಸಸಿ ಮಡಿಗೆ ಕಾಲಿಡಲಿಲ್ಲವಂತೆ. ನೆಲ್ಲಿನ ಬೀಜ ಚೆಲ್ಲಿದ್ದು ಭಾವ. ಅಕ್ಕ ಬದುವಿನ ಮೇಲೆ ನಿಂತು ನೋಡಿದಳಂತೆ. ಹೋದ ಬೆಳೆಗೂ ಹಾಗೇ ಮಾಡಿದ್ದಳಂತೆ.

ಅಕ್ಕನ ಮನೆಯಲ್ಲಿ ಬೀಜ ಚೆಲ್ಲುವುದು ಯಾವಾಗಲೂ ಅವಳ ಕೈ. ಹೊರಗಾದ ದಿನ ಮಾತ್ರ ಮಡಿಗೆ ಇಳಿಯುವುದಿಲ್ಲ. ಇಳಿದರೆ ಸಸಿ ಕೆಂಪಾಗುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಾಳೆ.

ಅಕ್ಕನಿಗೆ ಐವತ್ತೆಂಟು. ‘ಈ ವಯಸ್ಸಿನ್ಯಾಗ ಹೊರಗಾಗೂದಂದ್ರ ಏನು ಮಾಮಾ?’ ಎಂದು ಅನುಪಮಾ ಕೇಳಿದಳು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಉತ್ತರ ಗೊತ್ತಿತ್ತು. ‘ನೋಡೋಣ’ ಎಂದೆ.

ರಕ್ತ ಯಾವ ಭಾಗದಿಂದ ಎಂದು ಇಲ್ಲಿ ಬರೆಯುವ ಅಗತ್ಯವಿಲ್ಲ.

ಜೂನ್ 29, ದಢೇಸುಗೂರು

ಬಸ್ಸು ಮಸ್ಕಿಯಲ್ಲಿ ನಿಂತಾಗ ಅನುಪಮಾ ಹತ್ತಿದಳು. ಸಿಂಧನೂರಿನ ತನಕ ನಾವಿಬ್ಬರೂ ಅವಳ ಬ್ಯಾಂಕಿನ ಹೊಸ ಮ್ಯಾನೇಜರನ ಬಗ್ಗೆ ಮಾತಾಡಿದೆವು. ಅಲ್ಲಿಂದ ಮುಂದೆ ಆಟೊ. ಆಟೊದಲ್ಲಿ ಬೇರೆಯವರೂ ಇದ್ದದ್ದು ಅನುಕೂಲವಾಯಿತು.

ಕಟ್ಟೆಯ ಮೇಲೆ ಪಕ್ಕದ ಮನೆಯ ಚಾಂದ್‌ಬೀ ಕುಳಿತಿದ್ದಳು. ನಾಟಿ ಮಾಡುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಹೊಲದಲ್ಲಿ ಕೂಗಿ ಕೂಗಿ ದೊಡ್ಡದಾದ ದನಿ.

‘ಬಂದ್ಯಾ ಡಾಕ್ಟರಪ್ಪಾ! ನಿಮ್ಮಕ್ಕಗ ಮತ್ತ ಹರೇ ಬಂದೈತಿ ನೋಡು. ಇನ್ನೊಂದು ಸಲ ಮದುವಿ ಮಾಡೂದೊಂದು ಬಾಕಿ.’

‘ಬಾಯಿ ಮುಚ್ಚಬೇ. ತಮ್ಮನ ಮುಂದ ಏನು ಮಾತಾಡ್ತಿ’ ಎಂದು ಅಕ್ಕ ಸೆರಗು ಎಳೆದುಕೊಂಡಳು. ಸೊರಗಿದ್ದಾಳೆ. ಬಳೆ ಮೊಣಕೈತನಕ ಜಾರುತ್ತಿತ್ತು.

ಪಿಎಚ್.ಡಿ. ಮುಗಿಸಿ ಬಂದಾಗಿನಿಂದ ಈ ಊರಿಗೆ ನಾನು ಡಾಕ್ಟರಪ್ಪ. ಮೊದಲ ವರ್ಷ ಜನ ಮೊಣಕಾಲು ನೋವು, ಕೆಮ್ಮು ಎಂದು ಬರುತ್ತಿದ್ದರು. ನಾನು ಆ ಡಾಕ್ಟರಲ್ಲ ಎಂದು ಹೇಳಿದೆ. ಹೆಸರು ಮಾತ್ರ ಉಳಿಯಿತು.

ಚಾಂದ್‌ಬೀ ಹೋದ ಮೇಲೆ ಅಕ್ಕ, ನಾನು ಇಬ್ಬರೇ ಉಳಿದೆವು.

‘ಆರಾಮದಿಯಾ?’

‘ಆರಾಮ.’

‘ಸುಸ್ತೇನರ?’

‘ವಯಸ್ಸಾತಲ್ಲಪ್ಪ.’

ಇಬ್ಬರೂ ಅಂಗಳದ ಕೋಳಿಯನ್ನು ನೋಡಿದೆವು. ಗೋಡೆಯ ಮೂಲೆಯಲ್ಲಿ ಒಂದು ಸ್ಟೀಲಿನ ಲೋಟ ಬೋರಲಾಗಿ ಬಿದ್ದಿತ್ತು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೂ ಹೀಗೇ. ಅವ್ವನ ಲೋಟ ಮೂಲೆಯಲ್ಲಿ ಬೋರಲಾದರೆ ಅವಳನ್ನು ಮುಟ್ಟಬಾರದು. ಮೂರು ದಿನ ಕಳೆದ ಮೇಲೆ ಲೋಟ ಒಳಗೆ ಹೋಗುತ್ತಿತ್ತು.

ಈ ಲೋಟ ವರ್ಷದ ಮೇಲಾಯಿತು, ಅಲ್ಲೇ ಇದೆ ಎಂದು ಅನುಪಮಾ ಹೇಳಿದಳು. ಒಮ್ಮೆ ನಿಂತು ಮತ್ತೆ ಶುರುವಾಗುತ್ತದಂತೆ. ಅಕ್ಕ ಕಾಯಿಲೆಯನ್ನು ಮುಟ್ಟೆಂದು ತಿಳಿದು ಅದರ ಕಟ್ಟಳೆಗಳನ್ನೆಲ್ಲ ಪಾಲಿಸಿದ್ದಾಳೆ. ದೇವರ ಗೂಡು ಮುಟ್ಟಿಲ್ಲ. ಉಪ್ಪಿನಕಾಯಿ ಭರಣಿ ಮುಟ್ಟಿಲ್ಲ. ಒಂದು ತಪ್ಪನ್ನೂ ಮಾಡಿಲ್ಲ.

ಜುಲೈ 3, ರಾಯಚೂರು

ಡಾಕ್ಟರ ಹೆಸರು ಅತೀಯಾ. ಅನುಪಮಾ ಅಕ್ಕನೊಂದಿಗೆ ಒಳಗೆ ಹೋದಳು. ನಾನು ಹೊರಗೆ. ಆಮೇಲೆ ನನ್ನನ್ನೂ ಕರೆದರು.

‘ಎಷ್ಟು ದಿನದಿಂದ ಬ್ಲೀಡಿಂಗ್ ಐತ್ರಿ?’

ನಾನು ಅನುಪಮಾಳ ಮುಖ ನೋಡಿದೆ.

ಪರೀಕ್ಷೆಗೆ ಸಣ್ಣ ತುಣುಕು ತೆಗೆದಿದ್ದಾರೆ.

ಜುಲೈ 14, ದಢೇಸುಗೂರು

ಫಲಿತಾಂಶ ಬಂತು. ಕ್ಯಾನ್ಸರ್. ಆ ಭಾಗದ ಒಳಪದರದಲ್ಲಿ ಶುರುವಾಗಿದೆ. ಹೊರಗೆ ಹರಡಿದಂತೆ ಕಾಣುವುದಿಲ್ಲ, ಪೂರ್ತಿ ತೆಗೆದುಬಿಟ್ಟರೆ ಒಳ್ಳೆಯದು ಎಂದರು ಅತೀಯಾ. ಇಪ್ಪತ್ತೆಂಟಕ್ಕೆ ಆಪರೇಷನ್. ‘ಪಿ-53 ನಾರ್ಮಲ್ ಐತ್ರಿ. ಅದು ಒಳ್ಳೆ ಲಕ್ಷಣ’ ಎಂದೂ ಹೇಳಿದರು.

ಪಿ-53. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ.

ಸಂಜೆ ಮನೆಯಲ್ಲಿ ಎಲ್ಲರೂ ಕುಳಿತಾಗ ಭಾವ ನರಸಣ್ಣ ಕೇಳಿದರು: ‘ಅದೇನೋ ನಾರ್ಮಲ್ ಐತಿ ಅಂದ್ರಲ್ಲ, ಏನದು?’

ನಾನು ಹೇಳಿದೆ. ನಮ್ಮ ಮೈ ಕೋಟಿಗಟ್ಟಲೆ ಜೀವಕೋಶಗಳಿಂದ ಆಗಿದೆ. ಒಂದೊಂದರಲ್ಲೂ ಒಬ್ಬ ಕಾವಲಿನವನಿದ್ದಾನೆ. ಅವನೊಂದು ಪ್ರೋಟೀನು. ಕೋಶದೊಳಗಿನ ಬರಹ, ಅಂದರೆ ಡಿಎನ್‌ಎ, ಕೆಟ್ಟರೆ ನಿಲ್ಲು ಎನ್ನುತ್ತಾನೆ. ಸರಿಮಾಡಿಸುತ್ತಾನೆ. ಸರಿಯಾಗದಿದ್ದರೆ ಆ ಕೋಶವನ್ನೇ ಸಾಯಿಸುತ್ತಾನೆ. ಎಷ್ಟೋ ಕ್ಯಾನ್ಸರುಗಳಲ್ಲಿ ಆ ಕಾವಲಿನವನೇ ಮುರಿದಿರುತ್ತಾನೆ. ಅಕ್ಕನಿಗೆ ಅವನು ಮುರಿದಿಲ್ಲ.

‘ಅಂದ್ರ ಕಾವಲಿನವ ಗಟ್ಟಿ ಅದಾನ’ ಎಂದರು ಭಾವ.

‘ಹೌದು.’

‘ಯವ್ವಾ!’ ಎಂದು ಚಾಂದ್‌ಬೀ ಅಕ್ಕನ ತೊಡೆಗೆ ಬಡಿದಳು. ‘ಕೇಳಿದ್ಯಾ? ನಿನ್ನ ಕಾವಲುಗಾರ ಗಟ್ಟಿ ಅದಾನಂತ. ಹೊರಗೊಬ್ಬ, ಒಳಗೊಬ್ಬ. ಇಬ್ಬಿಬ್ಬರು ಅದಾರ ನಿನಗ.’

ಹೊರಗಿನವನೆಂದರೆ ಭಾವ. ಕಾಲುವೆಯ ಗೇಟು ಕಾಯುವ ದಿನಗೂಲಿ ಕೆಲಸ ಅವರದು. ಎಲ್ಲರೂ ನಕ್ಕರು. ಅಕ್ಕ ನಕ್ಕಳು. ಬಹಳ ದಿನದ ಮೇಲೆ ನಕ್ಕಳು ಎಂದು ಅನುಪಮಾ ಒಳಗೆ ಹೋಗಿ ಅತ್ತಳು. ಭಾವ ನನ್ನ ಬೆನ್ನು ತಟ್ಟಿದರು. ‘ಇಷ್ಟು ದಿನ ನೀ ಏನು ಓದಿದಿ ಅಂತ ಇವತ್ತ ತಿಳೀತು ನೋಡಪ್ಪ.’

ನಾನು ಸಂತೋಷವಾಗಿದ್ದೆ. ಅದನ್ನು ಬರೆದಿಡುತ್ತೇನೆ.

ಜುಲೈ 16, ಲಿಂಗಸುಗೂರು

ಮೊನ್ನೆ ಹೇಳದೆ ಉಳಿದದ್ದು.

ಈ ಪ್ರೋಟೀನನ್ನು ಕೋಶ ಸದಾ ತಯಾರಿಸುತ್ತದೆ, ಸದಾ ನಾಶಮಾಡುತ್ತದೆ. ಎಂಡಿಎಂ-2 ಎಂಬ ಇನ್ನೊಂದು ಪ್ರೋಟೀನು ಬಂದು ಅದರ ತೋಳು ಹಿಡಿಯುತ್ತದೆ, ಮೈಮೇಲೆ ಸಣ್ಣದೊಂದು ಗುರುತು ಅಂಟಿಸುತ್ತದೆ. ಗುರುತಿನ ಮೇಲೆ ಗುರುತು. ಗುರುತು ಬಿದ್ದದ್ದನ್ನು ಕೋಶದ ಅರೆಯುವ ಯಂತ್ರ ನುಂಗುತ್ತದೆ. ಇದರಲ್ಲಿ ದ್ವೇಷವೇನಿಲ್ಲ. ಕಾವಲಿನವನು ಸದಾ ಎಚ್ಚರವಿದ್ದರೆ ಯಾವ ಕೋಶವೂ ಬೆಳೆಯಲಾರದು.

ಬರಹ ಹರಿದಾಗ ಬೇರೆ ಗುರುತು ಅಂಟುತ್ತದೆ. ಒಂದು ಫಾಸ್ಫೇಟು, ಪ್ರೋಟೀನಿನ ಸರಪಳಿಯಲ್ಲಿ ಹದಿನೈದನೆಯ ಜಾಗದ ಸೆರೀನ್ ಎಂಬ ಕೊಂಡಿಯ ಮೇಲೆ. ಅಲ್ಲೇ ಸುತ್ತಮುತ್ತ ಇನ್ನೊಂದೆರಡು. ಆಗ ಎಂಡಿಎಂ-2ರ ಹಿಡಿತ ಸಡಿಲವಾಗುತ್ತದೆ. ಬಾಲದ ಕಡೆ ಅಸಿಟೈಲ್ ಗುಂಪುಗಳು ಕೂಡುತ್ತವೆ. ಕಾವಲಿನವನು ಉಳಿಯುತ್ತಾನೆ, ಬರಹವನ್ನು ಹಿಡಿಯುತ್ತಾನೆ, ಆಜ್ಞೆ ಕೊಡುತ್ತಾನೆ. ಅವನೇ ಇವನು. ಮೈ ಬದಲಾಗಿಲ್ಲ. ಮೈಮೇಲೆ ಯಾರು ಏನು ಅಂಟಿಸಿದರು ಎಂಬುದಷ್ಟೇ ಬೇರೆ.

ಧಾರವಾಡದಲ್ಲಿ ನನ್ನ ಯೌವನ ಆ ಹದಿನೈದನೆಯ ಜಾಗವನ್ನು ನೋಡುವುದರಲ್ಲಿ ಕಳೆಯಿತು. ಗಾಜಿನ ತಟ್ಟೆಯ ಕೋಶಗಳಿಗೆ ವಿಕಿರಣ ಕೊಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತಿತ್ತು. ಗೆರೆ ಮೂಡಿದರೆ ಕಾವಲಿನವ ಎದ್ದ ಎಂದರ್ಥ.

ಆಸ್ಪತ್ರೆಯ ಪರೀಕ್ಷೆ ಅವನು ಮುರಿದಿದ್ದಾನೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಅವನ ಮೇಲೆ ಏನಂಟಿದೆ ಎಂದು ಹೇಳುವುದಿಲ್ಲ. ಮುರಿಯದೆಯೂ ಸುಮ್ಮನಿರುವವನು ಇರುತ್ತಾನೆ. ಅಕ್ಕನ ಒಳಗೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಗಡ್ಡೆ ಬೆಳೆದಿದೆ. ಅಂದರೆ ಅವನು ಇದ್ದೂ ತಡೆದಿಲ್ಲ. ಒಳ್ಳೆಯ ಲಕ್ಷಣವೆಂದರೆ ಗಡ್ಡೆಯ ಸ್ವಭಾವ ಅಷ್ಟು ಉಗ್ರವಲ್ಲ ಎಂದು, ಗಡ್ಡೆ ಇಲ್ಲವೆಂದಲ್ಲ.

ಇಷ್ಟು ಹೇಳಿದ್ದರೆ ಸಾಕಿತ್ತು. ಅವರ ಮುಖಗಳು ಅರಳಿದ್ದವು.

ಜುಲೈ 20, ದಢೇಸುಗೂರು

ಅಕ್ಕ ಆಪರೇಷನ್ ಬೇಡ ಎನ್ನುತ್ತಿದ್ದಾಳೆ. ಅನುಪಮಾ ಫೋನಿನಲ್ಲಿ ಹೇಳಿದ್ದಕ್ಕೆ ಬಂದೆ. ಬಂದವನಿಗೆ ಕಡುಬು ಬಡಿಸಿದರು. ಅಕ್ಕ ಮಾಡಿದ್ದಲ್ಲ, ಚಾಂದ್‌ಬೀ ಬಂದು ಒಲೆ ಹಚ್ಚಿದ್ದಳು.

‘ಕಾವಲಿನವ ಗಟ್ಟಿ ಅದಾನಂದ ಮ್ಯಾಲೆ ಕೊಯ್ಯೂದ್ಯಾಕ ತಮ್ಮಾ?’ ಅಕ್ಕ ಕೇಳಿದಳು. ‘ಅಂವ ಇಂದಲ್ಲ ನಾಳಿ ಸರಿ ಮಾಡ್ತಾನ.’

‘ನಾಟಿ ಮುಗೀಲಿ, ನೋಡೂಣು’ ಎಂದರು ಭಾವ. ‘ಕಾಲುವಿಗೆ ನೀರು ಬಿಟ್ಟಾರ. ಈಗ ನಾ ಗೇಟು ಬಿಟ್ಟು ಎಲ್ಲಿಗಿ ಹೋಗ್ಲಿ?’

‘ಭಾವಾ, ಅಂವ ಇದ್ರೂ ಒಮ್ಮೊಮ್ಮೆ…’

‘ಒಮ್ಮೊಮ್ಮೆ ಏನು?’

‘ಕೆಲಸ ಮಾಡಂಗಿಲ್ಲ.’

‘ಏ, ಅದೆಂಗ! ಕಾವಲಿನವ ಗಟ್ಟಿ ಇದ್ರ ಕಳವು ಹೆಂಗ ಆಗ್ತೈತಿ? ಮೀಸಿ ಬರೂಕಿಂತ ಮೊದಲಿನಿಂದ ಆ ಗೇಟಿನ ಮ್ಯಾಲೆ ಅದೀನಿ. ಒಂದು ಹನಿ ಹೆಚ್ಚುಕಮ್ಮಿ ಆಗೇತೇನು?’

ಚಾಂದ್‌ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ತುಂಡು ಹೊಲ ಕಾಲುವೆಯ ಕೊನೆಗಿದೆ. ಅಲ್ಲಿಗೆ ನೀರು ಮುಟ್ಟುವುದು ಅಪರೂಪ.

ನಾನು ಇನ್ನೊಂದು ಕಡುಬು ಹಾಕಿಸಿಕೊಂಡೆ.

ಜುಲೈ 28, ಲಿಂಗಸುಗೂರು

ಆಪರೇಷನ್ನಿನ ದಿನ. ಮೂರು ತರಗತಿ ತೆಗೆದುಕೊಂಡೆ. ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು, ಯಾಕೆ ಬರಲಿಲ್ಲ ಎಂದು. ಮನೆಯವರು ನಾಟಿಯಲ್ಲಿದ್ದಾರೆ ಎಂದೆ.

ಆಗಸ್ಟ್ 3, ದಢೇಸುಗೂರು

ಭಾವನ ಬೈಕಿನ ಹಿಂದೆ ಕುಳಿತು ಗೇಟಿಗೆ ಹೋಗಿದ್ದೆ. ಅವರನ್ನು ಒಬ್ಬರೇ ಇದ್ದಾಗ ಹಿಡಿದು ಹೇಳಬೇಕೆಂದು.

ಮುಖ್ಯ ಕಾಲುವೆಯಿಂದ ಊರಿನ ಕಾಲುವೆ ಒಡೆಯುವಲ್ಲಿ ಕಬ್ಬಿಣದ ಗೇಟು. ತಿರುಗಿಸುವ ಚಕ್ರ, ಸರಪಳಿ, ಬೀಗ. ಭಾವ ಚಕ್ರದ ತಿರುಪಿಗೆ ಎಣ್ಣೆ ಹಾಕಿದರು. ಅಳತೆಯ ಕಲ್ಲು ನೋಡಿದರು. ಕೆಳಗಿನವರಿಗೆ ನೀರು ಹೋಗಲೆಂದು ಮೇಲಿನ ಹೊಲಗಳ ತೂಬುಗಳನ್ನೆಲ್ಲ ಮುಚ್ಚಿದ್ದರು. ಕೆಲಸದಲ್ಲಿರುವಾಗ ಅವರು ನೋಡಲು ಚಂದ. ಕೈಗೆ ಆತುರವಿಲ್ಲ.

ಆಗ ಫೋನು ಬಂತು.

‘ಹೂಂ… ಹೂಂ ರೀ… ಇಲ್ರಿ, ಅದು ಹಂಗಲ್ರಿ… ಆತು ಬಿಡ್ರಿ.’

ಫೋನು ಜೇಬಿಗಿಟ್ಟು ಬೀಡಿ ಹಚ್ಚಿದರು. ಗೇಟಿಗೆ ಬೆನ್ನು ಮಾಡಿ ನಿಂತರು. ಸ್ವಲ್ಪ ಹೊತ್ತಿಗೆ ಇಬ್ಬರು ಬಂದು, ನಮಸ್ಕಾರ ಮಾಡಿ, ಹಾರೆ ಹಾಕಿ ಮೇಲಿನ ತೂಬು ಎತ್ತಿದರು. ಕೆಳಗಿನ ಕಾಲುವೆಯಲ್ಲಿ ನೀರು ಇಳಿಯುತ್ತ ಹೋಯಿತು. ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು.

‘ಅವ್ರಿಗೂ ಬೇಕಲ್ಲಪ್ಪ ನೀರು’ ಎಂದರು ಭಾವ, ನಾನೇನೂ ಕೇಳದಿದ್ದರೂ. ಅವರ ಕೈ ಸೊಂಟದ ಕೀಲಿಯ ಮೇಲಿತ್ತು.

ಗೇಟು ಗಟ್ಟಿ ಇದೆ. ಮನುಷ್ಯ ಗಟ್ಟಿ ಇದ್ದಾನೆ. ಕೀಲಿ ಸೊಂಟದಲ್ಲಿದೆ. ಒಂದು ಫೋನು ಅಂಟಿತು, ಅಷ್ಟೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಸಿಕ್ಕಿಲ್ಲ. ಇದೊಂದನ್ನು ಹೇಳಿದರೆ ಭಾವನಿಗೆ ತಕ್ಷಣ ತಿಳಿಯುತ್ತದೆ. ಬೇರೆ ಏನು ಹೇಳಿದರೂ ತಿಳಿಯುವುದಿಲ್ಲ.

ಧಾರವಾಡದಲ್ಲಿ ನಾನು ಓದುವಾಗ ಪ್ರತಿ ಬೆಳೆಗೂ ಅಕ್ಕಿ ಕಳಿಸಿದವರು ಈ ಮನುಷ್ಯ. ಒಮ್ಮೆಯೂ ಆಡಿ ತೋರಿಸಿಲ್ಲ. ಅವರ ಮುಖದ ಮೇಲೆ ಇದನ್ನು ಹೇಳುವುದು ಹೇಗೆ?

ಬೈಕಿನಲ್ಲಿ ವಾಪಸು ಬಂದೆವು. ಗಾಳಿಯಲ್ಲಿ ಮಾತು ಕೇಳುವುದಿಲ್ಲ ಎಂಬ ನೆಪವಿತ್ತು.

ಆಗಸ್ಟ್ 8, ಮಸ್ಕಿ

ಬಸ್ ನಿಲ್ದಾಣದಲ್ಲಿ ಅನುಪಮಾ. ಬ್ಯಾಂಕಿನ ಊಟದ ಬಿಡುವಿನಲ್ಲಿ ಬಂದಿದ್ದಳು. ಡಬ್ಬಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ನನ್ನ ಮುಂದಿಟ್ಟಳು. ತಾನು ತಿನ್ನಲಿಲ್ಲ.

‘ಮಾಮಾ, ನೀ ಹೇಳಿದ್ರ ಅಪ್ಪ ಕೇಳ್ತಾನ.’

‘ಹೇಳೀನಿ.’

‘ಏನು ಹೇಳೀದಿ? ಒಮ್ಮೊಮ್ಮೆ ಅಂತ ಹೇಳೀದಿ. ಕಡುಬು ತಿಂದು ಬಂದಿ.’

ಗೇಟಿನ ವಿಷಯ ಅವಳಿಗೆ ಹೇಳಿದೆ. ಅವಳು ನಕ್ಕಳು, ಆಮೇಲೆ ನಗಲಿಲ್ಲ.

‘ಅದು ಊರಿಗೆಲ್ಲ ಗೊತ್ತೈತಿ. ಅವ್ವಗೂ ಗೊತ್ತೈತಿ. ಅಪ್ಪಗ ಗೊತ್ತಿಲ್ಲಂತ ಮಾಡೀಯೇನು?’

‘ಹಂಗಾದ್ರ ನೀನ ಹೇಳು.’

‘ನಾ ಮಗಳು. ಅಪ್ಪನ ಮರ್ಯಾದಿ ನಾ ತೆಗೀಲೇನು?’

‘ನಾನು…’

‘ನೀ ಏನು ಮಾಮಾ?’

ಬಸ್ಸು ಬಂತು. ನಾನು ಹತ್ತಿದೆ. ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಉಳಿದಿದೆ.

ಆಗಸ್ಟ್ 15, ಲಿಂಗಸುಗೂರು

ಧ್ವಜ ಹಾರಿಸಿದ ಮೇಲೆ ರಜೆ. ಸಿಂಧನೂರಿನ ಬಸ್ಸು ನನ್ನ ಮುಂದೆ ನಿಂತಿತು. ಹೋಯಿತು.

ಆಗಸ್ಟ್ 20, ದಢೇಸುಗೂರು

ತರಗತಿಯಲ್ಲಿದ್ದಾಗ ಚಾಂದ್‌ಬೀ ಫೋನು. ‘ಡಾಕ್ಟರಪ್ಪಾ, ಲಗೂನ ಬಾ. ನಿಮ್ಮಕ್ಕ ಗದ್ದ್ಯಾಗ ಬಿದ್ದಾಳ. ನೀರು ಕೆಂಪಾಗ್ಯಾವ.’

ನಾಟಿಯವರಿಗೆ ಬುತ್ತಿ ಕೊಡಲು ಹೋಗಿದ್ದಳಂತೆ. ಗದ್ದೆಗೆ ಇಳಿದಿರಲಿಲ್ಲ. ಬದುವಿನ ಮೇಲೆ ನಿಂತೇ ಬುತ್ತಿ ನೀಡಿದ್ದಾಳೆ. ಕಣ್ಣು ಕತ್ತಲೆ ಬಂದು ಅಲ್ಲಿಂದ ಬಿದ್ದದ್ದು. ಕಟ್ಟಳೆಯನ್ನು ಅವಳು ಮುರಿಯಲಿಲ್ಲ.

ನಾನು, ಅನುಪಮಾ ತಲುಪಿದಾಗ ಒಳಗೆ ಮಲಗಿಸಿದ್ದರು. ತುಟಿ ಬೆಳ್ಳಗಾಗಿತ್ತು. ಚಾಂದ್‌ಬೀಯ ಸೀರೆಯ ಮೇಲೂ ರಕ್ತ. ಭಾವ ಬಾಗಿಲಲ್ಲಿ ನಿಂತು ಒಳಗೂ ಬರದೆ ಹೊರಗೂ ಹೋಗದೆ, ‘ಇನ್ನ ಎರಡ ದಿನದ ನಾಟಿ. ಮುಗೀತಿದ್ದಂಗ ಹೋಗೂಣು’ ಎಂದರು.

‘ಅಂವ ಅದಾನಲ್ಲ ಒಳಗ’ ಎಂದಳು ಅಕ್ಕ, ಮಲಗಿದ್ದಲ್ಲಿಂದ.

ಆಗ ಹೇಳಿದೆ. ಹೇಗೆ ಶುರುವಾಯಿತೆಂದು ನೆನಪಿಲ್ಲ.

‘ಭಾವಾ, ನೀವು ಗೇಟಿನ ಮ್ಯಾಲೆ ಇರ್ತೀರಿ. ಗಟ್ಟಿ ಅದೀರಿ. ಕೀಲಿ ನಿಮ್ಮ ಸೊಂಟದಾಗ ಐತಿ. ಆದ್ರೂ ಚಾಂದ್‌ಬೀ ಹೊಲಕ್ಕ ನೀರು ಮುಟ್ಟಂಗಿಲ್ಲ. ಯಾಕ?’

ಅನುಪಮಾ ನೆಲ ನೋಡುತ್ತಿದ್ದಳು.

‘ಅಕ್ಕನ ಗರ್ಭಕೋಶದಾಗ ಇರೋ ಕಾವಲಿನವನೂ ಹಂಗ. ಮುರಿದಿಲ್ಲ. ನಿಂತಾನ. ಅವನ ಕೈ ಯಾರೋ ಹಿಡದಾರ, ಗೇಟಿಗೆ ಬೆನ್ನು ಮಾಡಿ ನಿಂತಾನ. ಗಡ್ಡಿ ಬೆಳ್ಯಾಕತ್ತೈತಿ. ಕೊಯ್ಯಲಿಲ್ಲಂದ್ರ ನಮ್ಮಕ್ಕ ಸಾಯ್ತಾಳ.’

ಭಾವ ಸೊಂಟದ ಕೀಲಿ ಬಿಚ್ಚಿದರು. ನನ್ನ ಮೇಲೆ ಎಸೆಯುತ್ತಾರೆಂದುಕೊಂಡೆ. ಗೂಡಿನಲ್ಲಿಟ್ಟು ಹೊರಗೆ ಹೋದರು. ಅವರ ಚಪ್ಪಲಿ ಬಾಗಿಲಲ್ಲೇ ಉಳಿದಿದ್ದವು.

‘ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನಪ್ಪ ನಿನಗ?’ ಎಂದಳು ಚಾಂದ್‌ಬೀ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

ಆಗಸ್ಟ್ 21, ದಢೇಸುಗೂರು

ಬೆಳಿಗ್ಗೆ ಏಳುವ ಹೊತ್ತಿಗೆ ಭಾವ ಸಿಂಧನೂರಿನಿಂದ ಗಾಡಿ ಮಾಡಿಕೊಂಡು ಬಂದಿದ್ದರು. ಅಕ್ಕನನ್ನು ತಾವೇ ಎತ್ತಿ ಕೂರಿಸಿದರು. ಮುಟ್ಟು ಮೈಲಿಗೆ ಎಂದು ಅವಳು ಕೊಸರಿಕೊಂಡಳು. ಕೇಳಲಿಲ್ಲ. ನನ್ನ ಕಡೆ ನೋಡಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ.

ಸೆಪ್ಟೆಂಬರ್ 2, ರಾಯಚೂರು

ರಕ್ತ ಏರಿಸಿ, ಕಾಯ್ದು, ಇವತ್ತು ಆಪರೇಷನ್. ಗರ್ಭಕೋಶ, ಅಂಡಾಶಯ, ಹತ್ತಿರದ ಗ್ರಂಥಿಗಳು ಎಲ್ಲ ತೆಗೆದಿದ್ದಾರೆ. ಗಡ್ಡೆ ಗೋಡೆ ದಾಟಿದೆ. ಒಂದೆರಡು ಗ್ರಂಥಿಗಳಿಗೂ ಹೋಗಿರಬಹುದು ಎಂದರು ಅತೀಯಾ. ಮುಂದೆ ವಿಕಿರಣ ಕೊಡಬೇಕು, ಕಲಬುರಗಿಗೆ ಹೋಗಬೇಕು.

‘ಜುಲೈನಾಗ ಮಾಡಿಸಿದ್ರ ಹಿಂಗ ಆಗ್ತಿರಲಿಲ್ಲೇನ್ರಿ?’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಆ ಲೆಕ್ಕ ನನಗೂ ಗೊತ್ತಿಲ್ರಿ ಸರ. ನೀವೂ ಹಾಕಬ್ಯಾಡ್ರಿ.’

ಭಾವ ಮೆಟ್ಟಿಲ ಮೇಲೆ ಕುಳಿತಿದ್ದರು. ಚಹಾ ಒಯ್ದು ಪಕ್ಕದಲ್ಲಿಟ್ಟೆ. ಕುಡಿಯಲಿಲ್ಲ. ಅವರಿಗೆ ಕೇಳಿಸಿತ್ತೋ ಏನೋ.

ಸೆಪ್ಟೆಂಬರ್ 6, ರಾಯಚೂರು

ಭಾವ ಗೇಟಿಗೆ ಮರಳಿದ್ದಾರೆ. ಅನುಪಮಾಳಿಗೆ ರಜೆ ಮುಗಿದಿದೆ. ನಾನಿದ್ದೇನೆ. ಬೆಳಿಗ್ಗೆ ಮೂತ್ರದ ಚೀಲ ಖಾಲಿ ಮಾಡಿದೆ, ಪ್ಯಾಡು ಬದಲಿಸುವಾಗ ನರ್ಸಿಗೆ ಸಹಾಯ ಮಾಡಿದೆ. ಕೆಂಪು ಕಡಿಮೆಯಾಗಿ ತಿಳಿ ಕಂದು ಬಣ್ಣವಿದೆ. ಎರಡು ಚಮಚ ಗಂಜಿ ಉಂಡಳು. ಹೊಲಿಗೆಯ ಬಲತುದಿಯಲ್ಲಿ ಸ್ವಲ್ಪ ಬಾವು. ತಲೆ ಬಾಚಿದೆ, ಸಿಕ್ಕು ಬಿಡಿಸಲು ಬರುವುದಿಲ್ಲ ನನಗೆ, ಬೈಸಿಕೊಂಡೆ.

ನೀರು ಕುಡಿದು ಲೋಟವನ್ನು ಮಂಚದ ಕೆಳಗೆ ಬೋರಲು ಹಾಕಿದಳು. ಎತ್ತಿ ತೊಳೆದು ಮೇಜಿನ ಮೇಲೆ ನನ್ನ ಲೋಟದ ಪಕ್ಕಕ್ಕಿಟ್ಟೆ.

ಮಧ್ಯಾಹ್ನ ಕೇಳಿದಳು: ‘ತಮ್ಮಾ, ಆ ಕಾವಲಿನವ ಏನಾದ?’

‘ಗರ್ಭಕೋಶದ ಕೂಡ ಅಲ್ಲಿದ್ದಂವ ಹೋದ. ಉಳದ ಕಡೆ ಅದಾನ.’

‘ಅಲ್ಲೂ ಸುಮ್ನ ನಿಂತಾನೇನು?’

‘ಗಡ್ಡಿ ಇದ್ದ ಕಡೆ ಸುಮ್ನ ನಿಂತಿರಬೇಕು.’

‘ಮೈಯಾಗ ಏನೂ ದೋಷಿಲ್ಲ ಅಂತಿ.’

‘ಏನೂ ಇಲ್ಲ.’

‘ಓದ್ಯಾನ, ಬರದಾನ, ಎಲ್ಲಾ ಗೊತ್ತೈತಿ. ಬಾಯಿ ಮಾತ್ರ ಬಿಡಂಗಿಲ್ಲ.’ ಸ್ವಲ್ಪ ಹೊತ್ತು ಫ್ಯಾನು ನೋಡಿದಳು. ‘ನಿನ್ನಂಗ.’

ನಕ್ಕಳು. ಹೊಲಿಗೆ ಜಗ್ಗಿತು, ಹೊಟ್ಟೆ ಹಿಡಿದುಕೊಂಡಳು. ನಾನೂ ಹಿಡಿದೆ, ದಿಂಬು ಒತ್ತಿ.

ಅಕ್ಟೋಬರ್ 9, ಕಲಬುರಗಿ

ಆಸ್ಪತ್ರೆಯ ಹತ್ತಿರ ಒಂದು ಖೋಲಿ ಸಿಕ್ಕಿದೆ. ಕಾಲೇಜಿಗೆ ದೀರ್ಘ ರಜೆ ಬರೆದು ಕಳಿಸಿದೆ. ಅನ್ನಕ್ಕೆ ನೀರು ಹೆಚ್ಚಾಯಿತು, ಅಕ್ಕ ಅದನ್ನೇ ಉಂಡಳು.

ನಾಳೆಯಿಂದ ವಿಕಿರಣ. ಏನು ಮಾಡುತ್ತಾರೆ ಎಂದು ಕೇಳಿದಳು. ಹೇಳಿದೆ: ಕಣ್ಣಿಗೆ ಕಾಣದ ಬೆಳಕು ಬಿಡುತ್ತಾರೆ. ಅದು ಉಳಿದಿರುವ ಕೆಟ್ಟ ಕೋಶಗಳ ಒಳಗಿನ ಬರಹವನ್ನು ಹರಿಯುತ್ತದೆ. ಹರಿದ ಸಪ್ಪಳಕ್ಕೆ ಕಾವಲಿನವನ ಕೈ ಹಿಡಿದವರು ಬಿಟ್ಟರೆ ಬಿಡಬಹುದು. ಬಿಟ್ಟರೆ ಅವನು ಏಳುತ್ತಾನೆ. ಆ ಕೋಶಗಳು ಸಾಯುತ್ತವೆ. ಅವನು ಏಳದಿದ್ದರೂ ಕೆಲವು ಸಾಯುತ್ತವೆ.

‘ಏಳ್ತಾನೇನು?’

‘ಗೊತ್ತಿಲ್ಲ.’

‘ಗೊತ್ತಿಲ್ಲ ಅನ್ನೂದು ಯಾವಾಗ ಕಲ್ತಿ?’ ಎಂದು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಆ ಕಡೆಯಿಂದಲೇ, ‘ಅಂವ ಏಳಲಿಲ್ಲಂದ್ರೂ ನೀ ಹೊರಗ ಕುಂತಿರು’ ಎಂದಳು.

ಅಕ್ಟೋಬರ್ 13, ಕಲಬುರಗಿ

ವಾಂತಿ. ಮಜ್ಜಿಗೆ ಮಾತ್ರ ಹೊಟ್ಟೆಯಲ್ಲಿ ನಿಂತಿತು. ಊರಿನ ಸುದ್ದಿ ಕೇಳಲು ಚಾಂದ್‌ಬೀಗೆ ಫೋನು ಹಚ್ಚಿದಳು. ಚಾಂದ್‌ಬೀಯ ದನಿ ಖೋಲಿಯ ತುಂಬ ಕೇಳುತ್ತಿತ್ತು. ತೆನೆಯಲ್ಲಿ ಹಾಲು ಕಟ್ಟುವ ಹೊತ್ತಿಗೆ ಈ ಸಲ ಅವಳ ಹೊಲಕ್ಕೆ ನೀರು ಬಂತಂತೆ. ಕಾಲುವೆಯ ಕೊನೆತನಕ ಬಂತಂತೆ. ‘ನಿನ್ನ ಗಂಡಗ ಏನಾಗೇತೋ ಯವ್ವಾ. ಫೋನು ಬಡಕೊಂತಿದ್ರೂ ಎತ್ತವಲ್ಲ.’

ಅಕ್ಕ ಫೋನು ಕೆಳಗಿಟ್ಟು ನನ್ನನ್ನು ನೋಡಿದಳು. ನಾನು ಮಜ್ಜಿಗೆ ಲೋಟ ತೊಳೆಯಲು ಹೋದೆ.

ಅಕ್ಟೋಬರ್ 17, ಕಲಬುರಗಿ

ಆಸ್ಪತ್ರೆಯ ಬೆಂಚಿನ ಹತ್ತಿರ ಭಾವ ನಿಂತಿದ್ದರು. ಕೈಚೀಲದಲ್ಲಿ ಅಕ್ಕಿ. ಗಡ್ಡ ಬೆಳೆದಿತ್ತು.

‘ಗೇಟು?’ ಎಂದು ಅಕ್ಕ ಕೇಳಿದಳು.

‘ನಾಳಿಂದ ಬರಬ್ಯಾಡ ಅಂದ್ರು.’ ಅವರ ಕೈ ಸೊಂಟಕ್ಕೆ ಹೋಯಿತು, ಅಲ್ಲೇನೂ ಇರಲಿಲ್ಲ, ಇಳಿಯಿತು. ‘ಮ್ಯಾಲಿನ ತೂಬು ಮತ್ತ ಎತ್ಯಾರಂತ.’

ಆಮೇಲೆ ನನ್ನ ಕಡೆ ತಿರುಗಿದರು. ‘ಹೆಂಗೂ ಖಾಲಿ ಅದೀನಿ.’

ಆಗಸ್ಟಿನಲ್ಲಿ ಕೀಲಿ ಗೂಡಿನಲ್ಲಿಟ್ಟು ಹೋದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಏನಾದರೂ ಹೇಳಬೇಕಿತ್ತು. ಕೈಚೀಲ ಇಸಿದುಕೊಂಡೆ.

ಅಕ್ಕನನ್ನು ಒಳಗೆ ಕರೆದರು. ಗೇಣು ದಪ್ಪದ ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು. ದೀಪ ಇರುವತನಕ ಒಳಗೆ ಅವಳ ಹೊರತು ಯಾರೂ ಇರುವಂತಿಲ್ಲ.

ಭಾವ ಬೆಂಚಿನ ಮೇಲೆ ಕುಳಿತು ದೀಪವನ್ನೇ ನೋಡುತ್ತಿದ್ದರು.

‘ಈಗ ಎಬ್ಬಸಾಕತ್ತಾರೇನು ಅವನ್ನ?’

‘ಹೂಂ.’

‘ಎದ್ರ ಗೊತ್ತಾಗ್ತೈತೇನು?’

‘ಹೊರಗ ಕುಂತವರಿಗೆ ಗೊತ್ತಾಗಂಗಿಲ್ಲ.’

ಅವರು ಬೆಂಚಿನ ಮೇಲೆ ಸ್ವಲ್ಪ ಸರಿದರು. ನಾನು ಕುಳಿತೆ.